ಸೇತುವೆ ಕೆಳಗಿನ ಬಿಳಿ ಬಟ್ಟೆ

ಫೆಬ್ರವರಿ ೪

ಪ್ರೀತಿಯ ಅಕ್ಕನಿಗೆ,

ನಾನಿಲ್ಲಿ ಕ್ಷೇಮ. ಫೋನ್ ಮಾಡಿದರೆ "ನೀನು ಹೂಂ ಹೂಂ ಅಂತೀಯೇ ಹೊರತು ಕಿವಿಗೆ ಹಾಕ್ಕೊಳ್ಳಲ್ಲ, ಏನಿದ್ರೂ ಬರೆದು ಹಾಕು" ಎಂದು ಇಟ್ಟುಬಿಟ್ಟೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಗಂಭೀರವಾದದ್ದು. ನೂಲಿಗೆ ಬಣ್ಣ ಹಾಕುವ ನಮ್ಮ ಬೀದಿಯ ಒಂಬತ್ತು ಮನೆಗಳಿಂದ ಕಾಲುವೆಗೆ ಹೋಗುವ ನೀರು ಕೊನೆಗೂ ನಮ್ಮ ಮಾಲಿನ್ಯ ಮಂಡಳಿಯ ಕಣ್ಣಿಗೆ ಬಿದ್ದಿದೆ. ಸೇತುವೆಯ ಕೆಳಗೆ ಬಣ್ಣ ಅಳೆಯುವ ಮೀಟರ್ ಅರವತ್ತು ತೋರಿಸುತ್ತಿದೆ. ಇಪ್ಪತ್ತು ದಾಟಬಾರದು. ಸೆಪ್ಟೆಂಬರ್ ಮೂವತ್ತರೊಳಗೆ ಇಪ್ಪತ್ತಕ್ಕೆ ಇಳಿಯದಿದ್ದರೆ ಒಂಬತ್ತು ಮನೆಗೂ ಬೀಗ. ಅಮ್ಮ ಕಟ್ಟಿ ನಿನ್ನ ಕೈಗಿಟ್ಟು ಹೋದ ಮನೆಗೂ ಬೀಗ.

ಗಾಬರಿಯಾಗಬೇಡ. ನಿರ್ದೇಶಕರು ಮೊದಲು ನಾಳೆಯೇ ಬೀಗ ಜಡಿಸುತ್ತೇನೆ ಎಂದು ಕೂತಿದ್ದರು. ಆದರೆ ಮಂಡಳಿಯಲ್ಲಿ ಯಾರೋ ಒಬ್ಬರು, ಬಹಳ ಬುದ್ಧಿವಂತರು, ಬೀಗಕ್ಕಿಂತ ಒಳ್ಳೆಯ ಉಪಾಯ ಹುಡುಕಿದ್ದಾರೆ. ಒಂದು ತಿಂಗಳು ಯಾವ ಮನೆಯಿಂದ ಎಷ್ಟು ಬಣ್ಣ ಹೋಗುತ್ತದೆಂದು ಅಳೆಯುತ್ತಾರೆ. ಒಟ್ಟು ಅಳತೆಯ ಮೂರನೇ ಒಂದು ಭಾಗಕ್ಕೆ ಚೀಟಿ ಅಚ್ಚು ಹಾಕಿಸಿ, ಅವರವರ ಅಳತೆಗೆ ತಕ್ಕಂತೆ ಹಂಚುತ್ತಾರೆ. ಒಂದು ಚೀಟಿ ಎಂದರೆ ದಿನಕ್ಕೆ ಒಂದು ಹಂಡೆ ಬಣ್ಣದ ನೀರು ಬಿಡಬಹುದು. ಚೀಟಿ ಉಳಿದವರು ಸಾಲದವರಿಗೆ ಮಾರಬಹುದು. ಬೈಗುಳವಿಲ್ಲ, ಜಗಳವಿಲ್ಲ, ಯಾರೂ ಯಾರ ಮುಂದೂ ತಲೆ ತಗ್ಗಿಸಬೇಕಿಲ್ಲ. ನೀರು ತಾನಾಗಿ ತಿಳಿಯಾಗುತ್ತದೆ. ಇದನ್ನು ಯೋಚಿಸಿದವರ ತಲೆ ದೊಡ್ಡದು ಎಂದು ಇಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಿದ್ದಾರೆ.

ಭಾವನಿಗೆ ನಮಸ್ಕಾರ.
ನಿನ್ನ ತಮ್ಮ


ಫೆಬ್ರವರಿ ೧೫

ಪುಟ್ಟಾ,

ನನ್ನ ಕೈ ಹಂಡೆಯಲ್ಲಿತ್ತು, ನಿನ್ನ ಕಾಗದವನ್ನು ನಿಮ್ಮ ಭಾವ ಎರಡು ಸಲ ಓದಿ ಹೇಳಿದರು. ಒಂದು ಸಲ ನನಗೆ ಅರ್ಥವಾಗಲಿ ಅಂತ, ಇನ್ನೊಂದು ಸಲ ಅವರಿಗೇ ಅರ್ಥವಾಗಲಿ ಅಂತ. ಕಾಗದದ ಮೇಲೆ ನನ್ನ ಹಳದಿ ಹೆಬ್ಬೆಟ್ಟು ಬಿದ್ದಿದ್ದರೆ ಬೇಜಾರು ಮಾಡಿಕೊಳ್ಳಬೇಡ, ಇದು ಉಜ್ಜಿದರೆ ಹೋಗುವ ಬಣ್ಣವಲ್ಲ.

ಒಂದು ಮಾತು ಕೇಳುತ್ತೇನೆ. ನಾಲ್ಕು ವರ್ಷದ ಹಿಂದೆ ನನ್ನ ಎರಡು ಬಳೆ ಮಾರಿ ಹಿತ್ತಿಲಲ್ಲಿ ಮರಳು ಹಾಕಿ ಸೋಸುವ ತೊಟ್ಟಿ ಕಟ್ಟಿಸಿದೆ. ನನ್ನ ಮನೆಯಿಂದ ಹೋಗುವ ನೀರು ಹೆಚ್ಚೆಂದರೆ ನಿಂಬೆಹಣ್ಣಿನ ಪಾನಕದ ಬಣ್ಣ. ಎದುರು ಮನೆಯ ನೀಲಿ ಮನುಷ್ಯ ಇದ್ದಾನಲ್ಲ, ಅವನ ನೀರಿನಲ್ಲಿ ಪೆನ್ನು ಅದ್ದಿ ಬರೆಯಬಹುದು. ಈಗ ಅಳತೆಗೆ ತಕ್ಕಂತೆ ಚೀಟಿ ಕೊಟ್ಟರೆ, ಹೊಲಸು ಮಾಡಿದವನಿಗೆ ರಾಶಿ ಚೀಟಿ, ತೊಳೆದುಕೊಂಡವಳಿಗೆ ಎರಡು ಚೀಟಿ. ಇದೇನೋ ನ್ಯಾಯ? ಆ ದೊಡ್ಡ ತಲೆಯವರನ್ನು ಒಂದು ಸಲ ಕೇಳಿ ಹೇಳು.

ಅವನ ಹತ್ತಿರ ನಾನು ಚೀಟಿ ಕೊಳ್ಳುವುದಂತೂ ಆಗದ ಮಾತು. ನೂಲು ಒಣಗಿಸುವ ಗಳ ನಮ್ಮ ಕಡೆಗೆ ಒಂದು ಮೊಳ ಚಾಚಿದ್ದಕ್ಕೆ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಗಳ ಇನ್ನೂ ಹಾಗೇ ಇದೆ.

ಕಾಲುವೆಯಲ್ಲಿ ಬಾತುಕೋಳಿಗಳು ಈಗಲೂ ಇವೆ. ಎಂಟು ವರ್ಷದವನಿದ್ದಾಗ ಬಾತುಕೋಳಿಯನ್ನು ಹಳದಿ ಮಾಡುತ್ತೇನೆ ಅಂತ ತುಂಬಿದ ಹಂಡೆಯನ್ನೇ ನೀರಿಗೆ ಮಗುಚಿದವನು ಇವತ್ತು ಮಾಲಿನ್ಯ ಮಂಡಳಿಯಲ್ಲಿ ಸಾಹೇಬ. ನೆನೆದುಕೊಂಡು ನಕ್ಕೆ.

ಅಕ್ಕ


ಫೆಬ್ರವರಿ ೨೪

ಪ್ರೀತಿಯ ಅಕ್ಕ,

ಬಾತುಕೋಳಿಯ ವಿಷಯ ಬೇಡ.

ನಿನ್ನ ಪ್ರಶ್ನೆ ಒಳ್ಳೆಯದೇ. ಆದರೆ ಯಾರಿಗೆ ಎಷ್ಟು ಚೀಟಿ ಹೋಯಿತು ಎನ್ನುವುದು ಮುಖ್ಯವಲ್ಲ. ಪ್ರತಿ ಮನುಷ್ಯನೂ ತನಗೆ ಯಾವುದು ಲಾಭವೋ ಅದನ್ನು ಅರಿತೇ ನಡೆಯುತ್ತಾನೆ, ಇಡೀ ಶಾಸ್ತ್ರ ನಿಂತಿರುವುದು ಇದರ ಮೇಲೆ. ನೀಲಿಯವನು ಸ್ವಲ್ಪ ಸೋಸಿದರೆ ಚೀಟಿ ಉಳಿಯುತ್ತದೆ, ಉಳಿದದ್ದನ್ನು ನಿನಗೆ ಮಾರುತ್ತಾನೆ. ಅವನಿಗೂ ಲಾಭ, ನಿನಗೂ ಲಾಭ, ಕಾಲುವೆಗೂ ಲಾಭ. ಹನ್ನೊಂದು ವರ್ಷದ ಸಿಟ್ಟು ಲೆಕ್ಕದೊಳಗೆ ಬರುವುದೇ ಇಲ್ಲ.

ಇನ್ನೊಂದು ಮಾತು, ಇದು ಗುಟ್ಟು. ಅಳತೆ ಮಾಡುವ ತಿಂಗಳು ಮಾರ್ಚ್. ಮುಂಚೆ ಗೊತ್ತಾದರೆ ಜನ ನಾಟಕ ಮಾಡುತ್ತಾರೆಂದು ಮಂಡಳಿ ಹೊರಗೆ ಬಿಟ್ಟಿಲ್ಲ. ನೀನು ನನ್ನ ಅಕ್ಕ ಅಂತ ಹೇಳಿದ್ದೇನೆ. ಯಾರ ಕಿವಿಗೂ ಬೀಳದಿರಲಿ.

ತಮ್ಮ


ಏಪ್ರಿಲ್ ೨

ಪುಟ್ಟಾ,

ನಿನ್ನ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ. ನಿಮ್ಮ ಭಾವ ಕ್ಷೌರಕ್ಕೆ ಹೋದಾಗ ಓದುವುದಕ್ಕೆ ಏನೂ ಇಲ್ಲ ಅಂತ ನಿನ್ನ ಕಾಗದ ಜೇಬಿಗೆ ಹಾಕಿಕೊಂಡು ಹೋಗಿದ್ದರು. ಅಲ್ಲಿ ಕತ್ತರಿ ನಿಂತಿತಂತೆ, ಇವರು ಜೋರಾಗಿ ಓದಿದರಂತೆ. ಅರ್ಧ ಕ್ಷೌರವಾಗಿದ್ದವನೊಬ್ಬ ಎದ್ದು ಹಾಗೇ ಮನೆಗೆ ಓಡಿದ.

ಮಾರ್ಚ್ ತಿಂಗಳ ಕಥೆ ಏನು ಹೇಳಲಿ! ನೂಲೇ ಇಲ್ಲದೆ ಬರೀ ಬಣ್ಣ ಕುದಿಸಿ ಕುದಿಸಿ ಸುರಿದರು. ಮೂಲೆಮನೆಯ ಕೆಂಪಿನವರು ಅಜ್ಜನ ಕಾಲದ ಹಂಡೆಗಳನ್ನೆಲ್ಲ ಅಟ್ಟದಿಂದ ಇಳಿಸಿದರು. ನೀಲಿ ಮನುಷ್ಯ ನೆಂಟರ ಊರಿನಿಂದ ಹಂಡೆ ಎರವಲು ತಂದ. ಬಾತುಕೋಳಿಗಳು ಈ ದಡದ ಕಡೆಯ ಮೈ ಹಳದಿ, ಆ ದಡದ ಕಡೆಯ ಮೈ ನೀಲಿ ಮಾಡಿಕೊಂಡು ಓಡಾಡಿದವು. ನಿಮ್ಮ ಅಳತೆಯವನು ಸೈಕಲ್ ಮೇಲೆ ಬಂದು ಗಾಜಿನ ಕೊಳವೆ ಅದ್ದಿದ. ಮೀಟರ್ ತೊಂಬತ್ತೊಂಬತ್ತಕ್ಕೆ ಹೋಗಿ ನಿಂತೇ ಹೋಯಿತು, ಅದರ ಮೇಲೆ ಅದಕ್ಕೆ ಎಣಿಸಲು ಬರುವುದಿಲ್ಲವಂತೆ. ಪಾಪ, ಮೀಟರಿಗೆ ಎರಡು ಏಟು ಕೊಟ್ಟು ನೋಡಿದ, ಆಮೇಲೆ ನಮ್ಮ ಜಗುಲಿ ಮೇಲೆ ಕೂತು ಒಂದು ಚೊಂಬು ನೀರು ಕುಡಿದ. "ಅಮ್ಮಾ, ಈ ಬೀದೀಲಿ ಇಷ್ಟು ವ್ಯಾಪಾರ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ" ಅಂದ.

ನಾನು ಮಾತ್ರ ಏನೂ ಮಾಡಲಿಲ್ಲ. ನನ್ನ ಪಾಡಿಗೆ ನಾನಿದ್ದೆ.

ಅಕ್ಕ


ಏಪ್ರಿಲ್ ೧೨

ಅಕ್ಕಾ,

ಅಳತೆಯ ಪಟ್ಟಿ ನನ್ನ ಮೇಜಿನ ಮೇಲಿದೆ. ಮೂರು ಪಟ್ಟು ಏರಿದೆ. ನಿರ್ದೇಶಕರು ಇದನ್ನು ನೋಡಿ "ಬಣ್ಣದ ಉದ್ಯಮ ಚೇತರಿಸಿಕೊಂಡಿದೆ" ಎಂದು ವರದಿಯಲ್ಲಿ ಬರೆಸಿದರು. ನಾನು ಬಾಯಿ ಬಿಡಲಿಲ್ಲ.

ಒಂದು ಅನುಮಾನ. ಮನೆ ಸಂಖ್ಯೆ ನಾಲ್ಕು, ಅಂದರೆ ನಮ್ಮದು, ಅಳತೆಯಲ್ಲಿ ಎರಡನೆಯ ಸ್ಥಾನದಲ್ಲಿದೆ. ನೀಲಿಯವನಿಗಿಂತ ಸ್ವಲ್ಪವೇ ಕಡಿಮೆ. ಅಳತೆಯವನು ಮನೆ ತಪ್ಪಿ ಬರೆದಿರಬೇಕಲ್ಲವೇ? ತಿದ್ದಿಸಲೇ? ಹೋದ ಸಲದ ನಿನ್ನ ಕಾಗದದ ತುಂಬ ಹಳದಿ ಕಲೆಯೇ ಇತ್ತು. ಕೆಲಸ ಹೆಚ್ಚಾಗಿದೆ ಎಂದುಕೊಂಡು ಸಂತೋಷಪಟ್ಟೆ.

ತಮ್ಮ


ಏಪ್ರಿಲ್ ೨೦

ಪುಟ್ಟಾ,

ತಿದ್ದಿಸಬೇಡ. ಬರೆದದ್ದು ಸರಿಯಾಗಿದೆ.

ಎರಡು ವಾರ ಹಲ್ಲು ಕಚ್ಚಿಕೊಂಡು ಕೂತಿದ್ದೆ ಕಣೋ. ಕಣ್ಣೆದುರಿಗೆ ಅವನು ಹಂಡೆಯ ಮೇಲೆ ಹಂಡೆ ಸುರಿಯುತ್ತಾನೆ, ಸುರಿದು ನನ್ನ ಕಿಟಕಿಯ ಕಡೆ ನೋಡುತ್ತಾನೆ. ಹೊಟ್ಟೆ ಉರಿದುಹೋಯಿತು. ಒಂದು ಮಟಮಟ ಮಧ್ಯಾಹ್ನ ಅಮ್ಮನ ಫೋಟೋ ಗೋಡೆಯ ಕಡೆ ತಿರುಗಿಸಿ ನಾನೂ ಸುರಿದೆ. ಸೋಸುವ ತೊಟ್ಟಿಗೆ ಹಲಗೆ ಮುಚ್ಚಿ ನೇರವಾಗಿ ಕಾಲುವೆಗೇ ಸುರಿದೆ. ಹದಿನೇಳು ದಿನ. ಫೋಟೋ ಇನ್ನೂ ತಿರುಗಿಸಿಲ್ಲ, ಮುಖ ಎತ್ತಿ ನೋಡಲು ನನ್ನಿಂದಾಗುತ್ತಿಲ್ಲ.

ಈಗ ಚೀಟಿ ಬಂದಿವೆ. ಅವನಿಗೆ ನಲವತ್ತು, ನನಗೆ ಮೂವತ್ತೆಂಟು. ನಿಮ್ಮ ಭಾವ ಪೆನ್ಸಿಲ್ ಹಿಡಿದು ಕೂತು ಹೇಳಿದರು: "ಮೂರು ಪಟ್ಟಾದದ್ದರಲ್ಲಿ ಮೂರನೇ ಒಂದು ಭಾಗ ಅಂದ್ರೆ ಮೊದಲಿನಷ್ಟೇ ಅಲ್ವೇನೇ? ಇಷ್ಟಕ್ಕೆ ಅಚ್ಚು ಹಾಕ್ಸಿದ್ರಾ?" ಜೀವನದಲ್ಲಿ ಮೊದಲ ಸಲ ಅವರ ಲೆಕ್ಕ ಸರಿಯಾಗಿತ್ತು.

ಯಾರೂ ಮಾರುತ್ತಿಲ್ಲ. ಮಾರಿದರೆ "ಅವರ ಮನೇಲಿ ಕೆಲಸ ಇಲ್ವಂತೆ" ಅಂತ ಬೀದಿಯೆಲ್ಲ ಮಾತಾಗುತ್ತದೆ. ಕೆಂಪಿನವರು ಚೀಟಿಗಳಿಗೆ ಚೌಕಟ್ಟು ಹಾಕಿಸಿ ಮುಂಗೋಣೆಯಲ್ಲಿ ತೂಗುಹಾಕಿದ್ದಾರೆ. ಬೀಗರಾಗುವವರು ಬಂದಿದ್ದರಂತೆ, ನಿಂತು ಎಣಿಸಿದರಂತೆ.

ನಿನ್ನ ಶಾಸ್ತ್ರದಲ್ಲಿ ಲಾಭ ಅರಿತು ನಡೆಯುವ ಮನುಷ್ಯ ಒಬ್ಬನಿದ್ದಾನಲ್ಲ, ಅವನನ್ನು ಒಂದು ವಾರ ನಮ್ಮ ಬೀದಿಗೆ ಕಳಿಸು. ಊಟ, ಹಾಸಿಗೆ ನಾನು ನೋಡಿಕೊಳ್ಳುತ್ತೇನೆ. ಅಂಥವನು ಹೇಗಿರುತ್ತಾನೆ ಅಂತ ನೋಡುವ ಆಸೆ.

ಅಕ್ಕ


ಮೇ ೩೦

ಅಕ್ಕಾ,

ಕೈ ಮುಗಿದು ಕೇಳುತ್ತೇನೆ, ಒಂದೇ ಒಂದು ಚೀಟಿ ಕೈ ಬದಲಾಗಲಿ. ಚೀಟಿ ವ್ಯಾಪಾರದ ನಕ್ಷೆ ಬರೆಯಬೇಕೆಂದು ನಿರ್ದೇಶಕರು ನನ್ನ ಕೋಣೆಯ ಗೋಡೆಯ ಮೇಲೆ ದೊಡ್ಡ ಹಲಗೆ ಹಾಕಿಸಿದ್ದಾರೆ. ಒಂದು ತಿಂಗಳಿಂದ ಅದರ ಮೇಲೆ ಒಂದು ಚುಕ್ಕೆಯೂ ಇಲ್ಲ. ಬಂದವರೆಲ್ಲ "ಹೊಸ ಹಲಗೆನಾ?" ಎಂದು ಕೇಳಿ ಹೋಗುತ್ತಾರೆ. ಪಕ್ಕದ ಕಟ್ಟಡದ ನೀರಿನ ಇಲಾಖೆಯವರಂತೂ ನೋಡಿ ನಗುವುದಕ್ಕೇ ಬರುತ್ತಾರೆ. ಕಾಲುವೆಯೊಳಗಿನ ನೀರು ಅವರದು, ನೀರಿನೊಳಗಿನ ಬಣ್ಣ ನಮ್ಮದು ಎಂದು ಅವರಿಗೂ ನಮಗೂ ಯಾವಾಗಲೂ ಜಟಾಪಟಿ.

ಮೀಟರ್ ಅರವತ್ತರಲ್ಲೇ ಕೂತಿದೆ. ಸೆಪ್ಟೆಂಬರ್ ಮೂವತ್ತಕ್ಕೆ ನಾಲ್ಕೇ ತಿಂಗಳು.

ಇಷ್ಟು ದಿನ ಮುಚ್ಚಿಟ್ಟಿದ್ದೆ. ಈ ಚೀಟಿಯ ಉಪಾಯ ಬೇರೆ ಯಾರದ್ದೂ ಅಲ್ಲ. ನನ್ನದು.

ತಮ್ಮ


ಜೂನ್ ೯

ಪುಟ್ಟಾ,

ಅಯ್ಯೋ ಮಂಕೇ, ಅದು ನಿನ್ನದು ಅಂತ ಮೊದಲನೆ ಕಾಗದದಲ್ಲೇ ಗೊತ್ತಾಗಿತ್ತು. "ಬಹಳ ಬುದ್ಧಿವಂತರು, ತಲೆ ದೊಡ್ಡದು" ಅಂತ ನೀನು ಬೇರೆ ಯಾರ ಬಗ್ಗೆ ಬರೆಯುತ್ತೀಯ?

ಆದರೂ ತಮ್ಮನ ಹಲಗೆಯ ಮೇಲೆ ಒಂದು ಚುಕ್ಕೆಯೂ ಇಲ್ಲ ಅಂದರೆ ಕರುಳು ಕೇಳುತ್ತದೆಯೇ? ಸೆರಗು ಸಿಕ್ಕಿಸಿಕೊಂಡು ಎದುರು ಮನೆಗೆ ಹೋದೆ. ಹನ್ನೊಂದು ವರ್ಷದ ಮೇಲೆ ಆ ಹೊಸಿಲು ತುಳಿದದ್ದು. ಅವನು ಹಂಡೆ ಕದಡುತ್ತಿದ್ದ. ಮೊಣಕೈವರೆಗೂ ನೀಲಿ.

"ಒಂದು ಚೀಟಿ ಬೇಕಿತ್ತು" ಅಂದೆ.

"ನಿನಗೆ ಕೊಡೋದಕ್ಕಿಂತ ಹಸುಗೆ ತಿನ್ನಿಸ್ತೀನಿ" ಅಂದ.

"ನಿನ್ನ ಹತ್ರ ಹಸು ಎಲ್ಲಿದೆ?"

"ಇದಕ್ಕೋಸ್ಕರ ಒಂದು ತರ್ತೀನಿ."

ಹೊರಟುಬಿಟ್ಟಿದ್ದೆ. ಹಿಂದಿನಿಂದ ಅವನೇ ಕರೆದ. "ಏನಮ್ಮಾ, ನಿಮ್ಮಮ್ಮನ ಕಾಲದಲ್ಲಿ ಚೀಟಿ ಇತ್ತಾ? ಮೀಟರ್ ಇತ್ತಾ? ಕಾಲುವೇಲಿ ಕಾಲು ಇಳಿಬಿಟ್ಟರೆ ಉಗುರು ಕಾಣ್ತಿತ್ತು."

"ಅಮ್ಮನ ಬಟ್ಟೆ ಇತ್ತು" ಅಂದೆ. ಅವನು ಕದಡುವ ಕೋಲು ಕೆಳಗಿಟ್ಟ.

ನಿನಗೆ ನೆನಪಿದೆಯೋ ಇಲ್ಲವೋ. ಸೇತುವೆಯ ಕೆಳಗೆ ಎರಡು ಗೂಟಕ್ಕೆ ಕಟ್ಟಿದ ಬಿಳಿ ಬಟ್ಟೆ. ಸಂಜೆ ಐದಕ್ಕೆ ಬೀದಿಯವರೆಲ್ಲ ಬಂದು ಎತ್ತಿ ನೋಡುವುದು. ಯಾರ ಬಣ್ಣ ಹತ್ತಿದೆಯೋ ಅವರು ಎಲ್ಲರ ಮುಂದೆ ಅಲ್ಲೇ ಕಲ್ಲಿನ ಮೇಲೆ ಬೆಳ್ಳಗಾಗುವ ತನಕ ತೊಳೆಯಬೇಕು. ನಿಮ್ಮ ಮಂಡಳಿ ಮೀಟರ್ ತಂದಿಟ್ಟ ವರ್ಷ "ಇನ್ನು ಅದು ಆಫೀಸಿನವರ ಕೆಲಸ" ಅಂತ ಎಲ್ಲರೂ ಕೈ ತೊಳೆದುಕೊಂಡರು. ಅಮ್ಮ ಒಬ್ಬಳೇ ಒಂದು ವಾರ ಕಟ್ಟಿ ಬಿಚ್ಚಿ ಮಾಡಿದಳು, ಆಮೇಲೆ ಮಡಿಸಿ ಪೆಟ್ಟಿಗೆಗೆ ಇಟ್ಟಳು.

ಪೆಟ್ಟಿಗೆ ನನ್ನ ಹತ್ತಿರವೇ ಇದೆ. ಮುಂದಿನದು ನಿನಗೆ ಬೇಡ ಬಿಡು, ನಿನ್ನ ಲೆಕ್ಕದೊಳಗೆ ಬರುವುದಲ್ಲ.

ಅಕ್ಕ


ಜುಲೈ ೧೮

ಅಕ್ಕಾ! ಅಕ್ಕಾ!

ಇಳಿಯುತ್ತಿದೆ! ಅರವತ್ತು ಇದ್ದದ್ದು ನಲವತ್ತೊಂದು, ನಲವತ್ತೊಂದು ಇದ್ದದ್ದು ಇಪ್ಪತ್ನಾಲ್ಕು, ಈ ವಾರ ಹತ್ತೊಂಬತ್ತು! ಚೀಟಿ ಒಂದೂ ಮಾರಾಟವಾಗದೆ ನೀರು ತಿಳಿಯಾಗಿದೆ. ಮೊದಲು ತಲೆ ಕೆರೆದುಕೊಂಡೆ, ಆಮೇಲೆ ಹೊಳೆಯಿತು. ಮುಂದೆ ಚೀಟಿ ತುಟ್ಟಿಯಾಗುತ್ತದೆ ಎಂದು ಊಹಿಸಿ ಜನ ಈಗಲೇ ಎಚ್ಚರಗೊಂಡಿದ್ದಾರೆ. ಇದಕ್ಕೆ "ನಿರೀಕ್ಷಾ ಪರಿಣಾಮ" ಎಂದು ಹೆಸರಿಟ್ಟು ಹನ್ನೆರಡು ಪುಟ ಬರೆದಿದ್ದೇನೆ. ನಿರ್ದೇಶಕರು ನನ್ನ ಬೆನ್ನು ತಟ್ಟಿದರು. ನಿಜವಾಗಿಯೂ ಕೈಯಿಂದ ತಟ್ಟಿದರು. ನಾನೀಗ ಉಪನಿರ್ದೇಶಕ. ಇನ್ನೂ ನಲವತ್ತು ಊರುಗಳಿಗೆ ಚೀಟಿ ಹೋಗಲಿದೆ.

ಶಾಸ್ತ್ರ ಸುಳ್ಳಾಗಲಿಲ್ಲ ನೋಡು. ನಿನ್ನ ನೀಲಿಯವನೂ ಲಾಭ ಅರಿತವನೇ.

ನಿನ್ನ ತಮ್ಮ, ಉಪನಿರ್ದೇಶಕ


ಆಗಸ್ಟ್ ೧

ಪುಟ್ಟಾ,

ಉಪನಿರ್ದೇಶಕನಾದದ್ದು ಬಹಳ ಸಂತೋಷ. ನಿಮ್ಮ ಭಾವ ಮತ್ತೆ ಕ್ಷೌರದಂಗಡಿಗೆ ಹೋಗಿ ಓದಿ ಬಂದರು. "ನಿರೀಕ್ಷಾ ಪರಿಣಾಮ" ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಬೇಜಾರು ಮಾಡಿಕೊಳ್ಳಬೇಡ, ಆದದ್ದು ಬೇರೆ.

ಜೂನ್ ಹದಿನಾಲ್ಕರಂದು ನಾನೂ ನೀಲಣ್ಣನೂ ಅಮ್ಮನ ಬಟ್ಟೆ ಕಟ್ಟಿದೆವು. ಹೌದು, ನೀಲಣ್ಣನೇ. ಸಂಜೆ ಎತ್ತಿದರೆ ಬಟ್ಟೆಯೆಲ್ಲ ಹಸಿರು. ಹಸಿರು ಹಾಕುವವರು ಬೀದಿಯಲ್ಲಿ ಯಾರೂ ಇಲ್ಲ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನ ನೀಲಿ, ನನ್ನ ಹಳದಿ. ಏಳು ಮನೆಯವರು ದಡದ ಮೇಲೆ ಕಾಲು ಚಾಚಿ ಕೂತು ನೋಡುತ್ತಿದ್ದರೆ, ನಾವಿಬ್ಬರೂ ಒಂದೇ ಕಲ್ಲಿನ ಮೇಲೆ ಒಂದೂವರೆ ಗಂಟೆ ಬಟ್ಟೆ ಒಗೆದೆವು. ಕೊನೆಗೆ ಹಿಂಡುವಾಗ ಅವನಂದ, "ಆ ಗಳ ನಾಳೆ ಹಿಂದಕ್ಕೆ ಎಳ್ಕೋತೀನಿ." ನನಗೆ ಕಣ್ಣಲ್ಲಿ ನೀರೇ ಬಂತು. ಕಣ್ಣಿಗೆ ಸೋಪು ಹೋಯಿತು ಅಂತ ಹೇಳಿಕೊಂಡೆ.

ಮಾರನೇ ದಿನ ನನ್ನ ತೊಟ್ಟಿಯ ಹಲಗೆ ತೆಗೆದೆ. ನೀಲಣ್ಣ ಬಂದು ಹೆಗಲ ಮೇಲಿನ ಟವೆಲ್ಲಿನಲ್ಲೇ ತೊಟ್ಟಿಯ ಉದ್ದಗಲ ಅಳೆದುಕೊಂಡು ಹೋದ. ವಾರದೊಳಗೆ ಅವನದೂ ಎದ್ದಿತು. ಕೆಂಪಿನವರು ಮೂರು ಸಂಜೆ ಒಗೆದರು, ನಾಲ್ಕನೇ ದಿನ ಮರಳು ತಂದರು. ಈಗ ಒಂಬತ್ತು ಮನೆಗೂ ತೊಟ್ಟಿ ಇದೆ. ಹೊಸ ತೊಟ್ಟಿ ಯಾರದು ಚೆನ್ನ ಅಂತ ಅದಕ್ಕೂ ಪೈಪೋಟಿ ಶುರುವಾಗಿದೆ.

ಇಷ್ಟೇ ಕೇಳುವುದು: ವರದಿಯಲ್ಲಿ ನಿಜ ಬರೆ. ನಲವತ್ತು ಊರಿಗೆ ಚೀಟಿ ಹೋದರೆ ನಲವತ್ತು ಮಾರ್ಚ್ ತಿಂಗಳು ಆಗುತ್ತವೆ.

ಅಮ್ಮನ ಫೋಟೋ ಇನ್ನೂ ತಿರುಗಿಸಿಲ್ಲ. ಒಂದು ತಿಂಗಳು ಪೂರ್ತಿ ಬಟ್ಟೆ ಬೆಳ್ಳಗೆ ಉಳಿದರೆ ತಿರುಗಿಸುತ್ತೇನೆ ಅಂದುಕೊಂಡಿದ್ದೇನೆ.

ಅಕ್ಕ


ಆಗಸ್ಟ್ ೧೪

ಅಕ್ಕಾ,

ವರದಿ ಆಗಲೇ ಹೋಗಿಬಿಟ್ಟಿದೆ. ಬಟ್ಟೆಯನ್ನು ಹಾಕಲು ನಮ್ಮ ಕೋಷ್ಟಕದಲ್ಲಿ ಅಂಕಣವಿಲ್ಲ. ನೀರು ತಿಳಿಯಾಯಿತಲ್ಲ, ಹೆಸರು ಯಾರದಾದರೇನು? ಕೆಲಸ ವಿಪರೀತ, ದಿನಕ್ಕೆ ಐವತ್ತು ಕಾಗದಕ್ಕೆ ಸಹಿ. ಆಮೇಲೆ ವಿವರವಾಗಿ ಬರೆಯುತ್ತೇನೆ.

ತಮ್ಮ


ಆಗಸ್ಟ್ ೨೯

ಮಾನ್ಯ ಉಪನಿರ್ದೇಶಕರಿಗೆ,

ತಮ್ಮ ಕಚೇರಿಯ ಆದೇಶ ತಲುಪಿತು. "ಮಾಪನ ಸ್ಥಳದ ಬಳಿ ಜಲಮಾರ್ಗದಲ್ಲಿ ಕಂಡುಬಂದ ಅನ್ಯವಸ್ತುವನ್ನು ತಕ್ಷಣ ತೆರವುಗೊಳಿಸಿ ವಶಕ್ಕೆ ಪಡೆಯತಕ್ಕದ್ದು" ಎಂದಿದೆ. ಅನ್ಯವಸ್ತು ಎಂದರೆ ನಮ್ಮ ತಾಯಿಯವರ ಬಟ್ಟೆ.

ತಮ್ಮ ಅಳತೆಯವರು ಬಂದು ಅದನ್ನು ಬಿಚ್ಚಿಕೊಂಡು ಹೋದರು. ವಶಪಡಿಸಿಕೊಂಡ ವಸ್ತುವಿಗೆ ಮೊಹರು ಒತ್ತಬೇಕೆಂಬ ನಿಯಮವಿದೆಯಂತೆ, ಬಟ್ಟೆಯ ನಟ್ಟನಡುವೆ ಒತ್ತಿದರು. ಒತ್ತುವಾಗ ಅಳುತ್ತಿದ್ದರು. ಮಾರನೇ ದಿನ ನಾವು ಬೇರೊಂದು ಬಟ್ಟೆ ಕಟ್ಟಿದೆವು. ಅದನ್ನೂ ಬಿಚ್ಚಿಕೊಂಡು ಹೋದರು, ಇನ್ನೂ ಜೋರಾಗಿ ಅತ್ತರು. ಮೂರನೆಯದನ್ನು ಕಟ್ಟಲು ಯಾರಿಗೂ ಧೈರ್ಯವಿಲ್ಲ.

ಬಟ್ಟೆ ಇಲ್ಲದ ಮೇಲೆ "ನಾನೊಬ್ಬನೇ ಯಾಕೆ ಮರಳು ಬದಲಾಯಿಸಲಿ" ಎಂದು ಒಬ್ಬರು ಬಿಟ್ಟರು, ಅವರನ್ನು ನೋಡಿ ಇನ್ನೊಬ್ಬರು ಬಿಟ್ಟರು. ಮೀಟರ್ ಈಗ ಐವತ್ತೆರಡು. ಬೀಗಕ್ಕೆ ಒಂದು ತಿಂಗಳಿದೆ.

ಆದೇಶದ ಕೆಳಗೆ ಸಹಿ ಇದೆ. ಅಕ್ಷರ ಕಲಿಯುವಾಗ ಆ ಕೈ ಹಿಡಿದು ತಿದ್ದಿಸಿದವಳು ನಾನು, ಗುರುತು ಸಿಕ್ಕಿತು.

ಇಂತಿ,
ಬಣ್ಣದ ಮನೆ ಸಂಖ್ಯೆ ನಾಲ್ಕರ ಮಾಲೀಕಳು


ಸೆಪ್ಟೆಂಬರ್ ೩

ಅಕ್ಕಾ,

ಬೈದಿದ್ದರೆ ಚೆನ್ನಾಗಿತ್ತು. "ಮಾನ್ಯ" ಅಂದುಬಿಟ್ಟೆ.

ಓದದೆ ಸಹಿ ಹಾಕಿದೆ. ಐವತ್ತು ಕಾಗದದಲ್ಲಿ ಅದೂ ಒಂದು. ಬೇರೆ ಏನು ಹೇಳಿದರೂ ಸುಳ್ಳಾಗುತ್ತದೆ.

ಬಟ್ಟೆ ಬಿಡಿಸಲು ಎರಡು ದಿನದಿಂದ ಓಡಾಡುತ್ತಿದ್ದೇನೆ. ಅದು ಉಗ್ರಾಣದ ಕಪಾಟಿನಲ್ಲಿದೆ. ಉಗ್ರಾಣದವರು ಅದು ಉಪಕರಣವೋ ಉಡುಪೋ ತ್ಯಾಜ್ಯವೋ ತೀರ್ಮಾನವಾಗದೆ ಬೀಗ ತೆಗೆಯುವುದಿಲ್ಲ ಎನ್ನುತ್ತಾರೆ. ಉಪಕರಣವಾದರೆ ಅಳತೆಯ ಶಾಖೆ, ಉಡುಪಾದರೆ ಸಿಬ್ಬಂದಿ ಶಾಖೆ. ತ್ಯಾಜ್ಯವಾದರೆ ಸುಡಬೇಕಂತೆ. "ಸುಟ್ಟರೆ ಹೊಗೆ ಬರುತ್ತೆ, ಅದು ಗಾಳಿ ಶಾಖೆಯವರ ವಿಷಯ" ಎಂದು ಒಬ್ಬರು ಕಡತದಲ್ಲಿ ಬರೆದಿದ್ದಾರೆ.

ನಿರ್ದೇಶಕರ ಬಳಿಗೂ ಹೋದೆ. ಅವರು ಬಾಗಿಲು ಮುಚ್ಚಿ ಹೇಳಿದರು: "ನೋಡಪ್ಪಾ, ಬಟ್ಟೆ ವಾಪಸ್ ಕೊಟ್ರೆ ನೀರು ತಿಳಿಯಾಗಿದ್ದು ಬಟ್ಟೆಯಿಂದ ಅಂತ ಒಪ್ಪಿದ ಹಾಗಾಯ್ತು. ಆಗ ನಿನ್ನ ಚೀಟಿ ಎಲ್ಲಿಗೆ ಹೋಯ್ತು? ನೀನೆಲ್ಲಿಗೆ ಹೋದೆ? ನಾನೆಲ್ಲಿಗೆ ಹೋದೆ?"

ಒಂದು ಮಾತು ಇಷ್ಟು ವರ್ಷ ನಿನಗೂ ಹೇಳಿಲ್ಲ. ಆ ಬಟ್ಟೆ ನನಗೆ ಚೆನ್ನಾಗಿ ನೆನಪಿದೆ. ಬಾತುಕೋಳಿಯ ದಿನ ಸಂಜೆ ಅಮ್ಮ ನನ್ನನ್ನು ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಿದಳು. ಸ್ವಂತ ಮಗ ಅಂತ ನೋಡಲಿಲ್ಲ. ಇಡೀ ಬೀದಿ ನೋಡುತ್ತಿತ್ತು. ನಾನು ಒಬ್ಬನೇ, ನನಗಿಂತ ದೊಡ್ಡ ಬಟ್ಟೆ, ಹೋಗದ ಹಳದಿ. ಆವತ್ತು ಆದ ನಾಚಿಕೆಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಯಾರೂ ಯಾರ ಮುಂದೂ ತಲೆ ತಗ್ಗಿಸದೆ ನೀರು ತಿಳಿಯಾಗುವ ದಾರಿ ಇರಲೇಬೇಕು ಎಂದು ಹುಡುಕಿಕೊಂಡೇ ನಾನು ಇಷ್ಟು ಓದಿದ್ದು. ಸಿಕ್ಕಿತು ಅಂದುಕೊಂಡಿದ್ದೆ.

ತಮ್ಮ


ಸೆಪ್ಟೆಂಬರ್ ೧೯

ಅಕ್ಕಾ,

ಬರೆದೆ. ಹೊಸ ವರದಿ, ಮೂರೇ ಪುಟ. ಮಾರ್ಚಿನಲ್ಲಿ ಸುರಿದದ್ದು, ಗುಟ್ಟು ಬಿಟ್ಟುಕೊಟ್ಟವನು ನಾನೇ ಎನ್ನುವುದು, ಚೀಟಿ ಒಂದೂ ಮಾರಾಟವಾಗದ್ದು, ಬಟ್ಟೆ ಕಟ್ಟಿದ ದಿನ, ಬಿಚ್ಚಿದ ದಿನ. ಅಳತೆಯವನು ದಿನ ತಪ್ಪದೆ ಅಂಕಿ ಬರೆದಿಟ್ಟಿದ್ದ. ಬಟ್ಟೆ ಇದ್ದಾಗ ಇಳಿದಿದೆ, ಬಿಚ್ಚಿದಾಗ ಏರಿದೆ. ನನ್ನ ಖಾಲಿ ಹಲಗೆಯ ಮೇಲೆ ಅದನ್ನೇ ದೊಡ್ಡದಾಗಿ ಬರೆದುಹಾಕಿದೆ. ಕೊನೆಗೂ ಅದಕ್ಕೊಂದು ಕೆಲಸವಾಯಿತು.

ನಿರ್ದೇಶಕರು ವರದಿಯನ್ನು ಡ್ರಾಯರಿಗೆ ತಳ್ಳಿದರು. ಆದರೆ ಹಲಗೆ ನೋಡಿ ನಗಲು ನೀರಿನ ಇಲಾಖೆಯವರು ಬರುತ್ತಿದ್ದರಲ್ಲ, ಬಂದರು, ಓದಿದರು, ನಗಲಿಲ್ಲ. ನಮ್ಮ ಮಂಡಳಿ ಸೋತಿತು ಎನ್ನುವುದಕ್ಕಿಂತ ಸಿಹಿಸುದ್ದಿ ಅವರಿಗೆ ಇನ್ನೊಂದಿಲ್ಲ. ಅದೇ ದಿನ ಕಾಲುವೆಯ ನೀರು ತಮ್ಮದು, ಆದ್ದರಿಂದ ನೀರಿನೊಳಗಿನ ಬಟ್ಟೆಯೂ ತಮ್ಮದು ಎಂದು ಮೇಲಿನವರಿಗೆ ಬರೆದರು. ಬಟ್ಟೆ ಅವರ ಪಾಲಾಗುತ್ತದೆ ಎಂದ ಕೂಡಲೇ ನಮ್ಮ ನಿರ್ದೇಶಕರು ಡ್ರಾಯರಿನಿಂದ ವರದಿ ತೆಗೆದು, ಬಟ್ಟೆ ಮೊದಲಿನಿಂದಲೂ ನಮ್ಮದೇ ಎಂದು ಆದೇಶ ಹೊರಡಿಸಿದರು. ನನ್ನ ಶಾಸ್ತ್ರದಲ್ಲಿ ಪೈಪೋಟಿಯಿಂದ ಒಳ್ಳೆಯದಾಗುತ್ತದೆ ಎಂದಿದೆ. ಅದೊಂದು ನಿಜವಾಯಿತು.

ಈಗ ಬಟ್ಟೆಗೆ "ಬೀದಿ ನಿವಾಸಿಗಳ ಸ್ವಯಂಮಾಪನ ಸಾಧನ" ಎಂದು ಹೆಸರು. ಒಂದು ವರ್ಷ ನಿಮ್ಮ ನಿಯಮದಂತೆ ನಡೆಯಬಹುದು, ಅಲ್ಲಿಯವರೆಗೆ ಯಾವ ಮನೆಗೂ ಬೀಗವಿಲ್ಲ. ನಲವತ್ತು ಊರುಗಳ ಚೀಟಿ ನಿಂತಿದೆ. ನನ್ನ ಉಪನಿರ್ದೇಶಕಗಿರಿಯೂ ನಿಂತಿದೆ, ಹಳೆಯ ಕುರ್ಚಿಗೆ ಬಂದಿದ್ದೇನೆ. ಅದರ ಒಂದು ಕಾಲು ಅಲುಗಾಡುತ್ತದೆ, ಉಳಿದಂತೆ ಆರಾಮ.

ಬಟ್ಟೆಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಮೊಹರಿನ ಗುರುತು ಹಾಗೇ ಇದೆ, ಕ್ಷಮಿಸು. ಕಚೇರಿಯ ನಲ್ಲಿಯಲ್ಲಿ ತಿಕ್ಕಿ ನೋಡಿದೆ, ಹೋಗಲಿಲ್ಲ.

ತಮ್ಮ


ಸೆಪ್ಟೆಂಬರ್ ೨೫

ಪುಟ್ಟಾ,

ಬಟ್ಟೆ ಬಂತು. ನೀಲಣ್ಣನೇ ಪೊಟ್ಟಣ ಬಿಚ್ಚಿದ. ಒಂಬತ್ತು ಮನೆಯವರೂ ಸೇತುವೆಯ ಹತ್ತಿರ ಸೇರಿದ್ದರು. ಅಳತೆಯವನೂ ಸೈಕಲ್ ನಿಲ್ಲಿಸಿ ಬಂದ. ಎರಡು ಕಡೆ ಹಿಡಿದು ಬಿಡಿಸಿದರೆ ನಟ್ಟನಡುವೆ ಅಂಗೈಯಗಲ ನೇರಳೆ.

ನಿಯಮದ ಪ್ರಕಾರ ಕೇಳಲೇಬೇಕಲ್ಲ, ಕೇಳಿದೆ. "ಈ ಬಣ್ಣ ಯಾರದು?" ನೀಲಣ್ಣ ನನ್ನದಲ್ಲ ಅಂದ. ಕೆಂಪಿನವರು ನಮ್ಮದಲ್ಲ ಅಂದರು. ಒಂಬತ್ತು ಮನೆಯೂ ಅಲ್ಲ ಅಂದಿತು. ಅಳತೆಯವನು ಮೆಲ್ಲಗೆ "ಒತ್ತಿದ್ದು ನಾನೇ, ಆದ್ರೆ ಬಣ್ಣ ನನ್ನದಲ್ಲ" ಅಂದ. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಅಮ್ಮ ಇದ್ದಿದ್ದರೆ ಸ್ವಂತ ಮಗ ಅಂತ ಬಿಡುತ್ತಿದ್ದಳೇ? ನಾನೂ ಬಿಡುವ ಹಾಗಿಲ್ಲ.

ಭಾನುವಾರ ಮೊದಲನೇ ಬಸ್ಸಿಗೆ ಬಾ. ಹಳೇ ಪ್ಯಾಂಟು ತಾ. ಸೋಪು ಇಲ್ಲಿದೆ.

ಇನ್ನೊಂದು ಮಾತು. ಬಾತುಕೋಳಿಯ ದಿನ ನೀನು ಒಬ್ಬನೇ ಇದ್ದೆ ಅಂತ ಬರೆದಿದ್ದೀಯ. ನಾನು ದಡದ ಮೇಲೆ ನಿಂತು ನೋಡಿದ್ದೇನೆ ಕಣೋ. ನೀನು ಕಣ್ಣು ಮುಚ್ಚಿಕೊಂಡು ಅಳುತ್ತಿದ್ದೆ, ಅದಕ್ಕೇ ನಿನಗೆ ಕಾಣಲಿಲ್ಲ. ನಿನ್ನನ್ನು ಕೂರಿಸಿ ಅಮ್ಮ ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ಕತ್ತಲಾಗುವವರೆಗೂ ಬಟ್ಟೆಯ ಇನ್ನೊಂದು ತುದಿ ಅವಳ ಕೈಯಲ್ಲೇ ಇತ್ತು. ಅಷ್ಟು ದೊಡ್ಡ ಬಟ್ಟೆಯನ್ನು ಒಬ್ಬರಿಂದ ಹಿಂಡಲಾಗುತ್ತದೆಯೇ? ತೊಳೆಯುವವರ ಜೊತೆ ಇನ್ನೊಬ್ಬರು ತುದಿ ಹಿಡಿಯುವುದು ಮೊದಲಿನಿಂದಲೂ ಇರುವ ಪದ್ಧತಿ.

ಈ ಸಲ ಆ ತುದಿ ನಾನು ಹಿಡಿಯುತ್ತೇನೆ. ಅಮ್ಮನ ಫೋಟೋ ಇವತ್ತು ತಿರುಗಿಸಿದೆ, ನೀನು ಬರುವಾಗ ಅವಳ ಮುಖ ಕಾಣಬೇಕಲ್ಲ.

ಆಫೀಸಿಗೆ ಒಂದು ದಿನ ಹೆಚ್ಚಿಗೆ ರಜೆ ಹೇಳಿ ಬಾ. ಆ ಬಣ್ಣ ಒಂದೇ ದಿನಕ್ಕೆ ಹೋಗುವಂತೆ ಕಾಣುವುದಿಲ್ಲ.

ಅಕ್ಕ